ನಲವತ್ತೆರಡು ಮಕ್ಕಳ ಒಂದೇ ಸ್ವಂತ ಅಭಿಪ್ರಾಯ

ಮಕ್ಕಳಿಗೆ ಸ್ವಂತವಾಗಿ ಯೋಚಿಸುವುದನ್ನು ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲೇ ಇಲ್ಲ ಎಂದು ಹೋದ ತಿಂಗಳವರೆಗೂ ನಂಬಿದ್ದೆ. ಹಾಗೆ ನಂಬಿದ್ದವನು ನಾನೊಬ್ಬನೇ, ಆ ಮಾತು ಬೇರೆ!

ನಾನು ವಿಜಯಪುರದಿಂದ ದಿನಾ ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗಿ ಒಂಬತ್ತನೇ ತರಗತಿಗೆ ಪಾಠ ಮಾಡುವ ಮಾಸ್ತರ. ಒಂದು ದಿನ ಹೆಡ್‌ಮಾಸ್ತರರು ಕರೆದರು.

"ಸೋಮವಾರ ಶಿಕ್ಷಣ ಇಲಾಖೆ ಸಾಹೇಬ್ರು ನಿಮ್ಮ ಪಾಠ ನೋಡಾಕ ಬರಾಕತ್ತಾರ್ರಿ. ಹುಡುಗರು ಎರಡೂ ಕಡೆ ವಿಚಾರ ಮಾಡಿ, ಕಾರಣ ಕೊಟ್ಟು ಮಾತಾಡೂದನ್ನ ನೋಡ್ತಾರಂತ. ಪಾಠ ಚಲೋ ಆತಂದ್ರ ತಾಲೂಕಿನ ಮಾಸ್ತರಗೋಳಿಗೆಲ್ಲ ನೀವ ತರಬೇತಿ ಕೊಡೂದು!"

ಆ ಸಂಜೆಯೇ ತರಬೇತುದಾರನಿಗೆ ಒಪ್ಪುವಂಥ ಅಂಗಿಯನ್ನು ಇಸ್ತ್ರಿಗೆ ಕೊಟ್ಟೆ.

ಚರ್ಚೆಯ ವಿಷಯ: 'ದ್ರಾಕ್ಷಿಯನ್ನು ಹಣ್ಣಾಗಿಯೇ ಮಾರಬೇಕೋ, ಒಣದ್ರಾಕ್ಷಿ ಮಾಡಬೇಕೋ?' ಆದರೆ ಮಕ್ಕಳು ಬಾಯಿಗೆ ಬಂದದ್ದು ಹೇಳಿಬಿಟ್ಟರೆ? ಅದಕ್ಕೇ ಮುಂದಾಲೋಚನೆಯಿಂದ ಪರ ಐದು, ವಿರೋಧ ಐದು, ಒಟ್ಟು ಹತ್ತು ಸ್ವಂತ ಅಭಿಪ್ರಾಯಗಳನ್ನು ನಾನೇ ಬರೆಸಿ, ಬಾಯಿಪಾಠ ಮಾಡಲು ಹೇಳಿದೆ. ಮೊದಲನೆಯದು: 'ಬಿಸಿಲಿಗೆ ಹಾಕಿದರೆ ಒಣದ್ರಾಕ್ಷಿ ಹಸಿರಾಗುತ್ತದೆ, ನಮ್ಮಲ್ಲಿ ಬಿಸಿಲು ಪುಕ್ಕಟೆ.'

ಹೆಂಡತಿ ಶಾಂತಾ ಕೇಳಿದಳು, "ಅಲ್ರೀ, ನೀವ ಬರಸಿದ್ರ ಅದು ಹುಡುಗರ ಅಭಿಪ್ರಾಯ ಹೆಂಗ ಆಕ್ಕೈತಿ? ಮತ್ತ ಒಣದ್ರಾಕ್ಷಿ ಬಗ್ಗೆ ನಿಮಗೇನ ಗೊತ್ತೈತಿ, ಡಬ್ಬಿಯೊಳಗಿಂದು ತಿನ್ನೂದು ಬಿಟ್ಟು?"

"ಶಿಕ್ಷಣಶಾಸ್ತ್ರ ನಿನಗ ತಿಳಿಯೂದಿಲ್ಲ, ಸುಮ್ನಿರು!"

ಸೋಮವಾರ ಸಾಹೇಬರು ಬಂದು ಹಿಂದೆ ಕೂತರು. ಮೊದಲ ಹುಡುಗ ಎದ್ದ. "ನನ್ನ ಸ್ವಂತ ಅಭಿಪ್ರಾಯವೇನೆಂದರೆ, ಬಿಸಿಲಿಗೆ ಹಾಕಿದರೆ ಒಣದ್ರಾಕ್ಷಿ ಹಸಿರಾಗುತ್ತದೆ, ನಮ್ಮಲ್ಲಿ ಬಿಸಿಲು ಪುಕ್ಕಟೆ." ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವಳೂ! ಎಲ್ಲರೂ ಮೊದಲನೆಯದನ್ನಷ್ಟೇ ಬಾಯಿಪಾಠ ಮಾಡಿದ್ದರು. ವಿರೋಧ ಪಕ್ಷದವರೂ ಎದ್ದುನಿಂತು ಬಿಸಿಲು ಪುಕ್ಕಟೆ ಎಂದೇ ವಿರೋಧಿಸಿದರು!

ಕೊನೆಗೆ ರೇಣುಕಾ ಎಂಬ ಹುಡುಗಿ ಎದ್ದಳು. "ಸರ್, ಅದು ತಪ್ಪೈತ್ರಿ. ಬಿಸಲಾಗ ಒಣಗಿಸಿದ್ರ ಕರ್ರಗ ಆಕ್ಕಾವ್ರಿ. ಹಸರ ಬೇಕಂದ್ರ ಶೆಡ್ಡಿನ ನೆಳ್ಳಾಗ ಒಣಗಸಬೇಕ್ರಿ. ನಮ್ಮ ಮನ್ಯಾಗ ಅದನ್ನ ಮಾಡ್ತೀವ್ರಿ." ಎಂದವಳೇ ಕರವಸ್ತ್ರ ಬಿಚ್ಚಿ ಎರಡೂ ಬಗೆಯ ಒಣದ್ರಾಕ್ಷಿ ತೋರಿಸಿದಳು.

ನನ್ನ ರಕ್ತ ಕುದಿಯಿತು. ಇಷ್ಟು ಕಷ್ಟಪಟ್ಟು ಬರೆಸಿದ್ದೇನೆ, ಇವಳು ಮನೆಯಿಂದ ಪುರಾವೆ ತರುವುದೇ?

"ಏ ರೇಣುಕಾ, ಬರಸಿದ್ದನ್ನ ಹೇಳು! ನಿನ್ನ ಅಭಿಪ್ರಾಯ ಯಾರು ಕೇಳ್ಯಾರ?"

ಸಾಹೇಬರು ನಿಧಾನವಾಗಿ ಬೋರ್ಡಿನತ್ತ ನೋಡಿದರು. ಅಲ್ಲಿ ಬಣ್ಣದ ಸೀಮೆಸುಣ್ಣದಲ್ಲಿ ನನ್ನದೇ ಅಕ್ಷರ: 'ನಿಮ್ಮ ಅಭಿಪ್ರಾಯವನ್ನು ನಿರ್ಭಯವಾಗಿ ಹೇಳಿರಿ.'

ಮಾನ ಉಳಿಸಿಕೊಳ್ಳಲು ಮಕ್ಕಳ ಮೇಲೆಯೇ ರೇಗಿದೆ. "ಎಲ್ಲಾರೂ ದ್ರಾಕ್ಷಿ ತ್ವಾಟದವರ ಇದ್ದೀರಿ! ತಪ್ಪಂತ ಗೊತ್ತಿದ್ದೂ ಯಾಕ ಬರಕೊಂಡ್ರಿ?"

"ನೀವ ಹೇಳಿದ್ರಲ್ರೀ ಸರ್!" ನಲವತ್ತೆರಡು ಮಕ್ಕಳೂ ಒಟ್ಟಿಗೆ ಅಂದು ಮೊದಲ ಬಾರಿಗೆ ಸ್ವಂತವಾಗಿ ಮಾತಾಡಿದರು. ಪುರಾವೆಗೆ ನೋಟುಬುಕ್ಕುಗಳನ್ನೂ ಎತ್ತಿ ಹಿಡಿದರು. ಪ್ರತಿಯೊಂದರಲ್ಲೂ ನನ್ನ ಕೆಂಪು ಸಹಿ!

ಸಾಹೇಬರು ರೇಣುಕಾಳ ಹಸಿರು ಪುರಾವೆಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ, "ತರಬೇತಿಗೆ ನಿಮ್ಮ ಹೆಸರು ಹಾಕೀನ್ರಿ" ಎಂದರು. ನನಗೆ ಜೀವ ಬಂತು. "ಕಲಸಾಕ ಅಲ್ರಿ, ಕಲ್ಯಾಕ."

ತರಬೇತಿಗೆ ಬರುವವರು 'ನನ್ನ ಸ್ವಂತ ಅಭಿಪ್ರಾಯ' ಎಂದು ಒಂದು ಪುಟ ಬರೆದು ತರಬೇಕಂತೆ. ಎಂಥ ಅನ್ಯಾಯ! ಎರಡು ದಿನ ಪೆನ್ನು ಹಿಡಿದು ಕೂತರೂ ಒಂದು ಸಾಲು ಹುಟ್ಟಲಿಲ್ಲ. ಕೊನೆಗೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

"ಶಾಂತಾ, ನೀ ಹೇಳು. ನಾ ಬರಕೋತೀನಿ."