ಮುಳುಗಬೇಕಿದ್ದ ದೋಣಿ

ಬಾಯಿ ತುಂಬ ಕೇಕ್ ಇಟ್ಟುಕೊಂಡವನು ತಲೆಯಾಡಿಸಬಾರದು. ಬಾರ್ತೆಲ್ ಆಡಿಸಿದ. ಅವನು ಮಾಡಿದ ತಪ್ಪು ಅಷ್ಟೇ.

ಮಾವ ಟ್ಯೂನಿಸ್‌ನ ಹುಟ್ಟುಹಬ್ಬ. ನಮ್ಮ ರಾಟರ್‌ಡ್ಯಾಮ್ ಕಡೆ ಹುಟ್ಟುಹಬ್ಬ ಅಂದರೆ ನೆಂಟರೆಲ್ಲ ಗೋಡೆಗೆ ಬೆನ್ನು ಹಚ್ಚಿ ದುಂಡಗೆ ಕೂರಬೇಕು. ಹುಟ್ಟುಹಬ್ಬದವನ ಕೈ ಕುಲುಕಿದರೆ ಸಾಲದು, ಅವನ ಹೆಂಡತಿ, ಮಗಳು, ಅಳಿಯ, ಪಕ್ಕದ ಮನೆಯವರು ಎಲ್ಲರ ಕೈಯನ್ನೂ ಕುಲುಕಿ ಅಭಿನಂದನೆ ಹೇಳಬೇಕು. ಆಮೇಲೆ ಕೇಕು, ಕಾಫಿ. ಆ ದುಂಡು ಸಭೆಯಲ್ಲಿ ಮುದುಕ ಗಂಟಲು ಸರಿಮಾಡಿಕೊಂಡು ಕೇಳಿದ: "ಏನಪ್ಪಾ ಅಳಿಯ, ಹಳೇ ದೋಣಿ ಮಾರಿದ್ದಾಯ್ತು. ಹೊಸದು ಮಾಡಿಸ್ತೀಯ ತಾನೆ? ನಮ್ಮ ವಂಶದಲ್ಲಿ ಯಾರೂ ನೀರು ಬಿಟ್ಟು ಬದುಕಿದವರಲ್ಲ."

"ಬೇಡ ಮಾವ" ಅನ್ನುವುದು ಬಾರ್ತೆಲ್‌ನ ಉದ್ದೇಶ. ಅಷ್ಟರಲ್ಲಿ ಕೇಕಿನ ಕೆನೆ ಗಂಟಲಿಗೆ ಸಿಕ್ಕಿತು. ಉಸಿರಿಗೆ ಒದ್ದಾಡುತ್ತ ತಲೆ ಮೇಲೂ ಕೆಳಗೂ ಆಡಿತು. "ಭಲೇ!" ಅಂತ ಇಡೀ ಕೋಣೆ ಎದ್ದು ನಿಂತು ಇನ್ನೊಂದು ಸುತ್ತು ಕೈ ಕುಲುಕಿತು. ಅವನ ಕೆಮ್ಮು ನಿಲ್ಲುವಷ್ಟರಲ್ಲಿ ಅಗ್ಗಕ್ಕೆ ಆಗುತ್ತದೆಂದು ಚೀನಾದಲ್ಲಿ ದೋಣಿ ಮಾಡಿಸುವುದು ನಿಶ್ಚಯವಾಗಿಹೋಗಿತ್ತು.

ಬಾರ್ತೆಲ್ ಹುಟ್ಟಿದ್ದು ಸರಕುದೋಣಿಯಲ್ಲಿ, ಬೆಳೆದದ್ದು ಸರಕುದೋಣಿಯಲ್ಲಿ, ನೇಲ್ಕೆಯನ್ನು ಕಟ್ಟಿಕೊಂಡು ಸಂಸಾರ ಹೂಡಿದ್ದೂ ಸರಕುದೋಣಿಯಲ್ಲಿ. ರೈನ್ ನದಿಯ ಮೇಲೆ ಮರಳು, ಕಲ್ಲಿದ್ದಲು, ಗೊಬ್ಬರ ಹೊತ್ತು ಮೇಲೆ ಕೆಳಗೆ ಓಡಾಡಿದ್ದೇ ಅವನ ಆಯುಷ್ಯ. ಹಳೆಯದು ಮಾರಿದ ಮೇಲೆ, ಹೊಸದು ಬರುವವರೆಗೆ ಅಂತ ದೊರ್ದ್ರೆಖ್ಟ್‌ನಲ್ಲಿ ಏರಿಯ ಮೇಲಿನ ಒಂದು ಪುಟ್ಟ ಮನೆಯನ್ನು ಬಾಡಿಗೆಗೆ ಹಿಡಿದರು. ಅಲ್ಲಿ ಅವನಿಗೆ ನೆಲದ ಹುಚ್ಚು ಹಿಡಿಯಿತು. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ನಿನ್ನೆ ಕಂಡ ಮರವೇ ಇವತ್ತೂ ಕಾಣುತ್ತಿತ್ತು! ಮಂಚ ಅಲುಗುತ್ತಿರಲಿಲ್ಲ. ಹಿತ್ತಲಲ್ಲಿ ಟೊಮೇಟೊ ಗಿಡ ನೆಟ್ಟ, ಅದು ನೆಟ್ಟಲ್ಲೇ ಇತ್ತು. ಕೆಲವು ದಿನ ಅವನು ಸುಮ್ಮನೆ ಗೋಡೆಗೆ ಕೈ ಊರಿ ನಿಂತು ಸಂತೋಷಕ್ಕೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ.

ಮನೆಯ ಒಡತಿ ಕೋರಿ ಪಕ್ಕದಲ್ಲೇ ಇರುವವಳು. "ಬೇರೆಯವರು ಕೇಳ್ತಾ ಇದ್ದಾರೆ ಬಾರ್ತೆಲ್. ನಿಮ್ಮ ದೋಣಿ ಬಂದ ದಿನ ಬಿಟ್ಟುಕೊಡ್ತೀರಿ ಅಂತ ಹೇಳಿದ್ದೀನಿ" ಅಂದಿದ್ದಳು. ಹೆಂಡತಿಗೆ ಹೇಳೋಣವೆಂದರೆ ನೇಲ್ಕೆ ದೋಣಿಯವರ ಮಗಳು, ದೋಣಿಯವರ ಮೊಮ್ಮಗಳು. ಹೊಸ ದೋಣಿಯ ಕಿಟಕಿಗೆ ಲೇಸಿನ ಪರದೆ ಹೊಲಿಯುತ್ತ ಹಾಡು ಬೇರೆ ಗುನುಗುತ್ತಿದ್ದಳು. ಆ ಹಾಡು ಕೇಳಿದಾಗಲೆಲ್ಲ ಬಾರ್ತೆಲ್‌ನ ಬಾಯಿ ಕಟ್ಟುತ್ತಿತ್ತು.

ಕೊನೆಗೆ ಆ ದಿನ ಬಂತು. ರಾಟರ್‌ಡ್ಯಾಮ್ ಬಂದರಿನ ಆಳದ ಮೂಲೆಯೊಂದರಲ್ಲಿ ದೊಡ್ಡ ಹಡಗೊಂದು ಲಂಗರು ಹಾಕಿತು. ಹಡಗುಗಳನ್ನೇ ಹೊರುವ ಹಡಗು ಅದು. ಮುಂದೊಂದು ಎತ್ತರದ ಕಟ್ಟಡ, ಹಿಂದೆ ಫುಟ್‌ಬಾಲ್ ಮೈದಾನದಂಥ ಚಪ್ಪಟೆ ಅಟ್ಟ. ಅಟ್ಟದ ಮೇಲೆ ಚೀನಾದಿಂದ ತಂದ ಸರಕುದೋಣಿಗಳು ಸಾಲಾಗಿ ಕೂತಿದ್ದವು. ಎಂಜಿನ್ ಇಲ್ಲ, ಕೋಣೆ ಇಲ್ಲ, ಬರೀ ಕಬ್ಬಿಣದ ಒಡಲುಗಳು, ಉಳಿದದ್ದನ್ನೆಲ್ಲ ಇಲ್ಲಿಗೆ ಬಂದ ಮೇಲೆ ಕೂರಿಸಬೇಕು. ಇಳಿಸುವ ಕ್ರಮ ಸರಳ. ಹಡಗು ತನ್ನ ಹೊಟ್ಟೆಗೆ ತಾನೇ ನೀರು ತುಂಬಿಕೊಂಡು ಬೇಕೆಂದೇ ಮುಳುಗುತ್ತದೆ, ಅಟ್ಟದ ಮೇಲೆ ನೀರು ಬರುತ್ತದೆ, ದೋಣಿಗಳು ತಾವಾಗಿ ತೇಲುತ್ತವೆ, ಟಗ್‌ಗಳು ಬಂದು ಒಂದೊಂದನ್ನೇ ಎಳೆದುಕೊಂಡು ಹೋಗುತ್ತವೆ.

ನೆಂಟರೆಲ್ಲ ಬಾಡಿಗೆ ಲಾಂಚಿನಲ್ಲಿ ಹಾಜರು. ಫ್ಲಾಸ್ಕಿನ ಕಾಫಿ, ಚೀಸ್ ಇಟ್ಟ ಬ್ರೆಡ್ಡು, ಉಪ್ಪಿನ ಮೀನು. ಕೋರಿಯೂ ಬಂದಿದ್ದಳು. ಅಲ್ಲೂ ಎಲ್ಲರೂ ಎಲ್ಲರ ಕೈ ಕುಲುಕಿದರು.

"ಹಗ್ಗ ಹಿಡಿಯೋಕೆ ಹಡಗಿನವರೇ ಒಬ್ಬರನ್ನ ಕಳಿಸ್ತಾರಂತೆ ಮಾವ" ಅಂದ ಬಾರ್ತೆಲ್.

"ಥೂ! ನಿನ್ನ ದೋಣಿ ಮೊದಲ ಸಲ ನೀರು ಮುಟ್ಟುವಾಗ ಅದರ ಮೇಲೆ ಕೂಲಿಯವನು ನಿಲ್ಲೋದಾ? ಯಜಮಾನ ನಿಲ್ಲಬೇಕು. ನಮ್ಮಪ್ಪ ನಿಂತಿದ್ದ, ನಾನು ನಿಂತಿದ್ದೆ. ಹತ್ತು!"

ಹತ್ತಿದ. ಕುತ್ತಿಗೆಗೆ ಒಂದು ರೇಡಿಯೋ ನೇತುಹಾಕಿದರು. ಪಕ್ಕದ ಒಡಲಿನ ಮೇಲೆ ಅವನ ಷಡ್ಡಕ ಲೇಂದರ್ಟ್ ಎದೆಯುಬ್ಬಿಸಿ ನಿಂತಿದ್ದ, ಅವನಿಗೂ ಇವತ್ತೇ ಹೊಸ ದೋಣಿ. ಲೋಕದಲ್ಲಿ ಅವನಿಗೆ ಗೊತ್ತಿಲ್ಲದ್ದು ಇಲ್ಲ.

"ಕಾಲು ಅಗಲಿಸಿ ನಿಂತ್ಕೋ ಬಾರ್ತೆಲ್!" ರೇಡಿಯೋದಲ್ಲಿ ಲೇಂದರ್ಟ್ ಕೂಗಿದ. "ಮಂಡಿ ಸ್ವಲ್ಪ ಬಗ್ಗಿಸು!"

"ನಾನು ಹುಟ್ಟಿದಾಗಿಂದ ದೋಣಿ ಮೇಲೇ ಇದ್ದೀನಿ ಮಾರಾಯಾ."

"ಅದಕ್ಕೇ ಹೇಳಿದ್ದು. ಅಭ್ಯಾಸ ಇದ್ದೋರೇ ಬೀಳೋದು."

ಹಡಗು ಮುಳುಗತೊಡಗಿತು. ಅಟ್ಟದ ಅಂಚು ಮಾಯವಾಯಿತು, ನೀರು ಒಡಲುಗಳ ನಡುವೆ ನುಗ್ಗಿತು. ಒಂದಾದ ಮೇಲೊಂದು ದೋಣಿ ಮೈ ಮುರಿದು ಎದ್ದಿತು. ಲೇಂದರ್ಟ್‌ನದು ಎದ್ದಿತು, ಲಾಂಚಿನಿಂದ ಚಪ್ಪಾಳೆ. ಬಾರ್ತೆಲ್‌ನ ದೋಣಿಯ ಮೂತಿಯೂ ಎದ್ದಿತು. ಬಾಲ ಏಳಲಿಲ್ಲ.

ಅವನು ಕಾದ. ಮೂತಿ ಇನ್ನಷ್ಟು ಎದ್ದಿತು. ಬಾಲ ಜಪ್ಪಯ್ಯ ಅಂದರೂ ಕದಲಲಿಲ್ಲ. ಸಮುದ್ರದಲ್ಲಿ ಜಾರದಿರಲಿ ಅಂತ ದೋಣಿಗಳನ್ನು ಅಟ್ಟಕ್ಕೆ ಕಬ್ಬಿಣದ ಪಟ್ಟಿ ಹಾಕಿ ವೆಲ್ಡಿಂಗ್ ಮಾಡಿರುತ್ತಾರೆ, ಇಳಿಸುವ ಮೊದಲು ಎಲ್ಲವನ್ನೂ ಕತ್ತರಿಸಬೇಕು. ಬಾರ್ತೆಲ್‌ನ ದೋಣಿಯ ಹಿಂದಿನ ಒಂದು ಪಟ್ಟಿಯನ್ನು ಯಾರೋ ಪುಣ್ಯಾತ್ಮ ಮರೆತಿದ್ದ.

"ನಿಲ್ಸಿ, ನಿಲ್ಸಿ!" ಬಾರ್ತೆಲ್ ಕೂಗಿದ. ಹಡಗು ಮುಳುಗುವುದನ್ನು ನಿಲ್ಲಿಸುವ ಹೊತ್ತಿಗೆ ದೋಣಿಯ ಹಿಂದಿನ ಅಂಚಿಗೆ ನೀರು ಬಂದು, ಮುಚ್ಚಳವಿಲ್ಲದ ಬಾಯಿಯೊಂದರಿಂದ ಒಳಗೆ ಗುಳುಗುಳು ಸುರಿಯುತ್ತಿತ್ತು.

"ಮತ್ತೆ ಮೇಲೆ ಏಳಿ ಸ್ವಾಮಿ!"

"ಹಾಗೆ ಏಳೋಕಾಗಲ್ಲ" ಅಂದ ಹಡಗಿನ ಅಧಿಕಾರಿ, ತೀರ ತಣ್ಣಗೆ. "ಉಳಿದ ದೋಣಿಗಳು ಅಟ್ಟದ ಮೇಲೇ ತೇಲ್ತಾ ಇವೆ. ನಾವು ಎದ್ದರೆ ಎಲ್ಲ ಒಂದರ ಮೇಲೊಂದು ಬೀಳತ್ತೆ. ಮೊದಲು ಅವನ್ನೆಲ್ಲ ಎಳೆದು ಆಚೆ ಹಾಕಬೇಕು. ನೀವು ಇಳಿದುಬಿಡಿ, ಟಗ್ ಕಳಿಸ್ತೀನಿ."

ಬಾರ್ತೆಲ್ ಬಾಲದ ಕಡೆ ನೋಡಿದ. ನೀರು ಸುರಿಯುತ್ತಲೇ ಇತ್ತು. ಆಗ ಅವನ ಎದೆಯೊಳಗೆ ಒಂದು ಯೋಚನೆ ಮೆಲ್ಲಗೆ ಕಣ್ಣು ಬಿಟ್ಟಿತು. ಇದು ಮುಳುಗಿದರೆ? ತಪ್ಪು ಯಾರದೋ. ನಷ್ಟ ವಿಮೆಯವರದು. ಇನ್ನೊಂದು ದೋಣಿ ಮಾಡಿಸಲು ಮಾವನ ಆಯುಷ್ಯ ಸಾಲದು. ಕೋರಿಯ ಮನೆ, ಹಿತ್ತಲು, ಅಲುಗದ ಮಂಚ! ದೇವರೇ, ಮುಳುಗಿಸಿಬಿಡಪ್ಪಾ ಅಂತ ಅವನು ಮನಸ್ಸಿನಲ್ಲೇ ಕೈಮುಗಿದ.

ಆದರೆ ಮೊದಲೇ ಇಳಿದರೆ ಸಾಯುವವರೆಗೂ "ದೋಣಿ ಬಿಟ್ಟು ಓಡಿದವನು" ಅಂತ ಆಡಿಕೊಳ್ಳುತ್ತಾರೆ. ದೋಣಿ ಮುಳುಗಬೇಕು, ತಾನು ಕೊನೆಯ ಗಳಿಗೆಯವರೆಗೂ ನಿಂತದ್ದನ್ನು ಎಲ್ಲರೂ ನೋಡಬೇಕು.

"ಇಳಿಯಲ್ಲ!" ಅಂತ ಗಂಭೀರವಾಗಿ ಹೇಳಿದ.

"ಶಹಭಾಸ್ ಅಳಿಯ!" ಲಾಂಚಿನಲ್ಲಿ ಮುದುಕನ ದನಿ ಗದ್ಗದವಾಯಿತು. "ಇಷ್ಟು ವರ್ಷ ನಿನ್ನನ್ನ ಕೈಲಾಗದವನು ಅಂದ್ಕೊಂಡಿದ್ದೆ. ಕ್ಷಮಿಸಿಬಿಡಪ್ಪಾ."

"ಬಾರ್ತೆಲ್, ಬಕೆಟ್ ಇದೆಯಾ? ನೀರು ಎತ್ತಿ ಹಾಕು!" ಲೇಂದರ್ಟ್ ಶುರು ಹಚ್ಚಿಕೊಂಡ. "ಒಳಗೆ ಬಟ್ಟೆ ತುರುಕು! ಕೋಟು ಬಿಚ್ಚಿ ತುರುಕು!"

ಎಲ್ಲರೂ ನೋಡುತ್ತಿದ್ದರಲ್ಲ, ಬಾರ್ತೆಲ್ ಕೋಟು ಬಿಚ್ಚಿದ. ಹಿಂದೆ ಹೋಗಿ ಆ ಬಾಯಿಯ ಪಕ್ಕದಲ್ಲಿ, ನೀರಿಗೆ ಸ್ವಲ್ಪವೂ ಅಡ್ಡಿಯಾಗದ ಹಾಗೆ ಜೋಪಾನವಾಗಿ ಇಟ್ಟ. ಅದು ಅವನ ಮದುವೆಯ ಕೋಟು. ನೀರು ಅದನ್ನೂ ಒಳಗೆ ಎಳೆದುಕೊಂಡಿತು.

"ಪ್ಯಾಂಟೂ ತುರುಕು!"

"ಹೆಂಗಸರಿದ್ದಾರೆ ಲೇಂದರ್ಟ್."

"ನಾವು ಆ ಕಡೆ ತಿರುಗ್ತೀವಿ!" ಅಂದಳು ಕೋರಿ. ಯಾರೂ ತಿರುಗಲಿಲ್ಲ.

ಪ್ಯಾಂಟೂ ಹೋಯಿತು. ಒಳಚಡ್ಡಿಯಲ್ಲಿ, ಉತ್ತರದ ಕೊರೆಯುವ ಗಾಳಿಯಲ್ಲಿ, ಇಳಿಜಾರಾದ ದೋಣಿಯ ಮೂತಿಗೆ ಅಂಟಿಕೊಂಡು ಬಾರ್ತೆಲ್ ನಡುಗುತ್ತ ಕೂತ. ದೋಣಿ ಇನ್ನಷ್ಟು ಓರೆಯಾಯಿತು, ಕಬ್ಬಿಣ ನರಳಿತು. ಈಗ ಅವನಿಗೂ ನಿಜವಾಗಿ ಭಯ ಹತ್ತಿತು. ಆದರೂ ಇನ್ನೊಂದು ಸ್ವಲ್ಪ, ಇನ್ನೊಂದೇ ಸ್ವಲ್ಪ ಅಂತ ಹಲ್ಲು ಕಚ್ಚಿದ್ದ.

ಆಗ ರೇಡಿಯೋದಲ್ಲಿ ನೇಲ್ಕೆಯ ದನಿ ಕೇಳಿಸಿತು. ಅವಳು ಅಪ್ಪನ ಕೈಯಿಂದ ರೇಡಿಯೋ ಕಿತ್ತುಕೊಂಡಿದ್ದಳು.

"ಬಾರ್ತೆಲ್, ಇಳಿ!"

"ಇಲ್ಲ ನೇಲ್ಕೆ. ನಿನ್ನ ದೋಣಿ ಬಿಟ್ಟು..."

"ಸುಟ್ಟುಹೋಗಲಿ ಆ ದೋಣಿ! ನಂಗೆ ದೋಣಿ ಬೇಡ, ಕೇಳಿಸ್ತಾ? ನಂಗೆ ಯಾವತ್ತೂ ಬೇಕಿರಲಿಲ್ಲ! ಕೋರಿ ಮನೆ ಸಾಕು ನಂಗೆ. ಆ ಅಡುಗೆಮನೆ, ಆ ಹಿತ್ತಲು, ನೀನು. ನೀನಿಲ್ದೆ ನಾನು ದೋಣಿ ಇಟ್ಕೊಂಡು ಏನ್ ಮಾಡ್ಲೋ? ಇಳಿಯೋ, ನಿನ್ನ ದಮ್ಮಯ್ಯ!"

ಬಾರ್ತೆಲ್‌ಗೆ ಚಳಿ ಮರೆತುಹೋಯಿತು. ಆ ರೇಡಿಯೋ ಚಾನೆಲ್ ಎಲ್ಲರಿಗೂ ತೆರೆದದ್ದು, ಬಂದರಿನ ಪ್ರತಿ ದೋಣಿಯವನೂ ಕಿವಿಯಾನಿಸಿರುತ್ತಾನೆ ಅನ್ನುವುದನ್ನೂ ಮರೆತ.

"ನಿಜವಾಗ್ಲೂ? ನೇಲ್ಕೆ, ನಂಗೂ ಬೇಡ ಕಣೇ! ಯಾವತ್ತೂ ಬೇಕಿರಲಿಲ್ಲ! ನೀರು ಕಂಡ್ರೆ ನಂಗೆ ಅಸಹ್ಯ! ಅವತ್ತು ನಾನು ಒಪ್ಪಲಿಲ್ಲ ಕಣೇ, ಕೇಕ್ ಗಂಟಲಿಗೆ ಸಿಕ್ಕಿತ್ತು! ಮುಳುಗಲಿ ಅಂತ ಆಗಲಿಂದ ದೇವರಿಗೆ ಮೊರೆ ಇಡ್ತಾ ಇದ್ದೀನಿ! ಬಂದೆ, ಈಗ ಬಂದೆ!"

ಅಷ್ಟು ದೊಡ್ಡ ಬಂದರು ಗಪ್‌ಚಿಪ್ಪಾಯಿತು. ಬಾರ್ತೆಲ್ ಜಾರಿಕೊಂಡು ಹೋಗಿ ಕೆಳಗೆ ಕಾದಿದ್ದ ಟಗ್‌ಗೆ ಧುಮುಕಿದ.

ಅವನ ಪಾದ ಟಗ್ಗಿಗೆ ತಾಗಿತೋ ಇಲ್ಲವೋ, ನೀರಿನಡಿ ಢಂ ಅಂತ ಸದ್ದು. ಆ ದರಿದ್ರ ಪಟ್ಟಿ ಕಿತ್ತು ಬಂದಿತ್ತು. ದೋಣಿಯ ಬಾಲ ನೆಗೆದು ಎದ್ದಿತು, ಎರಡು ಸಲ ತೂಗಿತು, ಆಮೇಲೆ ಬಾತುಕೋಳಿಯ ಹಾಗೆ ನೆಟ್ಟಗೆ ತೇಲಿತು.

"ಒಳಗೆ ಸ್ವಲ್ಪ ನೀರಿದೆ, ಪಂಪು ಹಾಕಿದರೆ ಸರಿಹೋಗತ್ತೆ" ಅಂದ ಅಧಿಕಾರಿ. "ಒಂದು ಗೀರೂ ಬಿದ್ದಿಲ್ಲ. ಗಟ್ಟಿ ದೋಣಿ. ಅಭಿನಂದನೆಗಳು."

ಬಾರ್ತೆಲ್‌ಗೆ ಅದರ ಚಿಂತೆಯಿಲ್ಲ. ತೇಲಲಿ ಬಿಡು, ಮಾರಿದರಾಯಿತು! ಲಾಂಚಿಗೆ ಬಂದವನನ್ನು ನೇಲ್ಕೆ ಬಾಚಿ ತಬ್ಬಿದಳು, ಅತ್ತಳು, ಕಂಬಳಿ ಹೊದಿಸಿದಳು, ಬಿಸಿ ಕಾಫಿ ಕುಡಿಸಿದಳು. ಮಾವ ಮಾತ್ರ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದ. ಅಳಿಯನನ್ನು ಕ್ಷಮೆ ಕೇಳಿದ್ದು ಅವನಿಗೆ ಈಗ ಅಜೀರ್ಣವಾಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಟಗ್ಗು ದೋಣಿಯನ್ನು ದೊರ್ದ್ರೆಖ್ಟ್ ಕಡೆಗೆ ಎಳೆಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಮೂತಿಯ ಮೇಲೆ ಪೆಟ್ಟಿಗೆ ಹಾಕಿಕೊಂಡು ಕೂತಿದ್ದರು. ಬಾರ್ತೆಲ್‌ಗೆ ಯಾರದೋ ದೊಗಲೆ ಪ್ಯಾಂಟು.

"ಹಿತ್ತಲ ಬಾಗಿಲಿಗೆ ಹಸಿರು ಬಣ್ಣ ಹೊಡಿಯೋಣ" ಅಂದ ಅವನು. "ಟೊಮೇಟೊ ಪಕ್ಕ ಹುರುಳಿಕಾಯಿ ಹಾಕೋಣ. ನೀನು ಏನಂತೀಯ?"

ನೇಲ್ಕೆ ಟೇಪು ಹಿಡಿದು ದೋಣಿಯ ಹಿಂಭಾಗ ನೋಡುತ್ತಿದ್ದಳು. "ಅಡುಗೆಮನೆ ಎಡಗಡೆಗೆ ಬರಲಿ. ಬೆಳಿಗ್ಗೆ ಬಿಸಿಲು ಬರತ್ತೆ."

"ಕೋರಿ ಮನೇಲಿ ಅಡುಗೆಮನೆ ಎಡಗಡೇನೇ ಇದೆಯಲ್ಲ."

"ಕೋರಿ ಮನೆ ಎಲ್ಲಿಂದ ಬಂತು? ಅವಳು ಆಗಲೇ ಮುಂದಿನ ಬಾಡಿಗೆಯವರಿಗೆ ಫೋನ್ ಮಾಡಿ ಆಯ್ತು. ನಾನೇ ಮಾಡು ಅಂದೆ."

ಬಾರ್ತೆಲ್ ಅವಳ ಕೈಯ ಟೇಪು ನೋಡಿದ. "ನೀನು... ರೇಡಿಯೋದಲ್ಲಿ... ದೋಣಿ ಬೇಡ ಅಂದ್ಯಲ್ಲ?"

"ಅನ್ನದೆ ಇದ್ದಿದ್ರೆ ನೀನು ಇಳೀತಿದ್ಯಾ? ನೀನು ಮೊಂಡುಬಿದ್ದರೆ ಬೇರೆ ಯಾವ ಮಾತು ಕೇಳ್ತೀಯ ಹೇಳು." ಅವಳು ಅವನ ಕೆನ್ನೆಯನ್ನು ಪ್ರೀತಿಯಿಂದಲೇ ತಟ್ಟಿದಳು. "ನಿಂಗೆ ನೆಲದ ಮೇಲೆ ಆಸೆ ಅಂತ ನಂಗೆ ಮದುವೆಯಾದ ವರ್ಷವೇ ಗೊತ್ತು. ನಿದ್ದೇಲಿ ಬಡಬಡಿಸ್ತೀಯ."

"ಗೊತ್ತಿದ್ದೂ ನೀನು..."

"ಗೊತ್ತಿದ್ದೂ ಇಷ್ಟು ವರ್ಷ ಸುಖವಾಗಿ ಇಲ್ವಾ? ನಂಗೆ ನಿನ್ನ ಜೀವ ಬೇಕಿತ್ತು, ಆ ಮಾತು ಹೇಳ್ದೆ. ಜೀವ ಉಳೀತು. ದೋಣೀನೂ ಉಳೀತು. ಇನ್ನೇನು ಬೇಕು ನಿಂಗೆ?"

ಬಾರ್ತೆಲ್‌ಗೆ ಅತ್ತುಬಿಡೋಣ ಅನ್ನಿಸಿತು, ಆದರೆ ಟಗ್ಗಿನವರು ನೋಡುತ್ತಿದ್ದರು. ಎದುರಿನಿಂದ ಮರಳು ಹೊತ್ತ ದೋಣಿಯೊಂದು ಬಂತು. ಅದರ ಯಜಮಾನ ಯಾರೋ, ಬಾರ್ತೆಲ್ ಅವನ ಮುಖವನ್ನೇ ಕಂಡವನಲ್ಲ. ಎದೆಯ ಮೇಲಿನ ರೇಡಿಯೋ ಕರಕರ ಅಂದಿತು.

"ಏನ್ ಯಜಮಾನ್ರೇ, ಮನೆ ಸಿಕ್ತಾ?"

ಅದರ ಹಿಂದಿನ ದೋಣಿಯವನೂ ಕೇಳಿದ. ಮುಂದಿನ ಸೇತುವೆಯ ಕಾವಲುಗಾರನೂ ಕೇಳಿದ. ಅಲ್ಲಿಂದ ಸ್ವಿಟ್ಜರ್‌ಲೆಂಡಿನವರೆಗೆ ರೈನ್ ನದಿಯ ಮೇಲೆ ಎಷ್ಟು ದೋಣಿ, ಎಷ್ಟು ಸೇತುವೆ! ಬಾರ್ತೆಲ್ ರೇಡಿಯೋ ಆರಿಸಲು ಕೈ ಎತ್ತಿದ.

"ಏಯ್, ಕೈ ತೆಗಿ" ಅಂದಳು ನೇಲ್ಕೆ, ಟೇಪು ಸುತ್ತುತ್ತ. "ನೀರಿನ ಮೇಲಿರೋವಾಗ ಅದನ್ನ ಆರಿಸೋ ಹಾಗಿಲ್ಲ, ಕಾನೂನು ಮರೆತ್ಯಾ?"

ಅವನು ಕೈ ಇಳಿಸಿದ.