ಅಕ್ಕನ ಹಗಲು ನಿದ್ದೆ, ನನ್ನ ನಾಲ್ಕು ಬಾತುಕೋಳಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಕ್ಕ ಹೇಳಿದ್ದನ್ನು ನಾನು ನಂಬಲಿಲ್ಲ. ನಂಬಿದ್ದರೆ ಈ ಕಥೆ ಒಂದು ವಾರದಲ್ಲೇ ಮುಗಿಯುತ್ತಿತ್ತು. ಒಬ್ಬ ದೊಡ್ಡ ಅಧಿಕಾರಿಯ ಮರ್ಯಾದೆಯೂ ಉಳಿಯುತ್ತಿತ್ತು!

ಎಪ್ಪತ್ತರ ದಶಕದ ಕೊನೆಯ ಮಾತು. ಜೆ.ಪಿ. ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ಸೈಟಿನ ಮಾಲೀಕರಿಗಿಂತ ಹಾವುಗಳು ಹೆಚ್ಚು. ಹಿತ್ತಿಲಿದ್ದ ಒಂದು ಶೀಟಿನ ಮನೆಯಲ್ಲಿ ಅಕ್ಕ ಸರೋಜ ಮತ್ತು ನಾನು ಇಬ್ಬರೇ ಇದ್ದೆವು. ಅಕ್ಕ ಎಸ್ಸೆಸ್ಸೆಲ್ಸಿ ಪಾಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ರಾತ್ರಿ ಪಾಳಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನು ಏಳನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಬಂದವನು. ಜಯನಗರದ ಸೈಕಲ್ ಶಾಪೊಂದರಲ್ಲಿ ಪಂಕ್ಚರ್ ಹಾಕುತ್ತಿದ್ದೆ. ಅಕ್ಕ ಬೆಳಿಗ್ಗೆ ಬಂದು ಮಲಗುವ ಹೊತ್ತಿಗೆ ನಾನು ಹೊರಡುತ್ತಿದ್ದೆ. ನಾನು ಸಂಜೆ ಬರುವ ಹೊತ್ತಿಗೆ ಅವಳು ಹೊರಡುತ್ತಿದ್ದಳು.

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕನಿಗೆ ಕೇರೆ ಹಾವು ಕಾಣಿಸಿತು.

"ಏನಾದ್ರೂ ಮಾಡೋ ಶಿವು. ನಂಗೆ ಹಿತ್ಲಿಗೆ ಹೋಗಕ್ಕೇ ಭಯ" ಎಂದಳು.

ಏನಾದರೂ ಮಾಡು ಎಂದು ನನಗೆ ಯಾರೂ ಹೇಳಬಾರದು. ನಾನು ಮಾಡಿಬಿಡುತ್ತೇನೆ!

ಬಾತುಕೋಳಿ ಇದ್ದ ಕಡೆ ಹಾವು ಸುಳಿಯುವುದಿಲ್ಲ ಎಂದು ಶಾಪಿಗೆ ಬರುವ ಗಿರಾಕಿಯೊಬ್ಬರು ಹೇಳಿದ್ದರು. ಭಾನುವಾರ ಸೈಕಲ್ಲಿಗೆ ಮಂಕರಿ ಕಟ್ಟಿಕೊಂಡು ಹುಳಿಮಾವಿನ ಕೆರೆ ಹತ್ತಿರ ಬಾತು ಸಾಕುವವನಲ್ಲಿಗೆ ಹೋದೆ.

"ಯಾವ್ದು ಬೇಕಣ್ಣ?"

"ಜಾಸ್ತಿ ಕೂಗೋದು ಯಾವ್ದು?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮೊಟ್ಟೆ ಜಾಸ್ತಿ ಇಡೋದು ಕೇಳೋರನ್ನ ನೋಡಿದೀನಿ, ದಪ್ಪ ಇರೋದು ಕೇಳೋರನ್ನ ನೋಡಿದೀನಿ. ಕೂಗೋದು ಕೇಳ್ಕೊಂಡು ಬಂದೋನು ನೀನೇ ಮೊದ್ಲು."

"ಹಾವು ಹೆದರಬೇಕಲ್ಲಣ್ಣ!"

ಅರ್ಧ ಗಂಟೆ ಕಿವಿಗೊಟ್ಟು, ಸಂಗೀತ ಸ್ಪರ್ಧೆಯ ತೀರ್ಪುಗಾರನಂತೆ ನಾಲ್ಕನ್ನು ಆರಿಸಿದೆ. ಇಡೀ ಹುಳಿಮಾವಿನಲ್ಲಿ ಅವಕ್ಕಿಂತ ದೊಡ್ಡ ಗಂಟಲಿನವು ಇರಲಿಲ್ಲ. ಬಾತಿನವನು ಮಂಕರಿಗೆ ತುಂಬಿಸಿಕೊಡುವಾಗ ಖುಷಿಯಲ್ಲಿದ್ದ. ಏಕೆಂದು ಆಮೇಲೆ ತಿಳಿಯಿತು.

ಮೂರೇ ದಿನಕ್ಕೆ ಅಕ್ಕ ಕೆಂಪು ಕಣ್ಣು ಬಿಟ್ಟುಕೊಂಡು ನಿಂತಳು. "ಶಿವು, ಅವು ಒಂದು ಗಳಿಗೆ ಬಾಯಿ ಮುಚ್ಚಲ್ಲ ಕಣೋ. ವಾಪಸ್ ಕೊಟ್ಟು ಬಾರೋ."

"ಏನಕ್ಕಾ ನೀನು! ನಾನೂ ಇದೇ ಮನೇಲಿ ಮಲಗಲ್ವಾ? ರಾತ್ರಿಯೆಲ್ಲಾ ಒಂದಾದ್ರೂ ಉಸಿರೆತ್ತುತ್ತಾ?"

ಬಾತುಕೋಳಿಗಳೂ ರಾತ್ರಿ ನಿದ್ದೆ ಮಾಡುತ್ತವೆ ಎಂಬ ವಿಷಯ ಈ ಮಹಾನುಭಾವನ ತಲೆಗೆ ಹೊಳೆಯಲೇ ಇಲ್ಲ! ಅವೂ ನನ್ನಂತೆಯೇ ಕತ್ತಲಾದರೆ ಮಲಗಿ ಬೆಳಗಾದರೆ ಏಳುವ ಸಭ್ಯ ಪ್ರಾಣಿಗಳು. ಆ ಮನೆಯಲ್ಲಿ ಹಗಲು ಮಲಗಬೇಕಾದವಳು ಅಕ್ಕ ಒಬ್ಬಳೇ.

"ಕಿವಿಗೆ ಹತ್ತಿ ಇಟ್ಕೊ" ಎಂದು ಡಾಕ್ಟರಂತೆ ಸಲಹೆ ಕೊಟ್ಟೆ. ಅವಳು ಹತ್ತಿ ಇಟ್ಟುಕೊಂಡಳು. ತಲೆಗೆ ಟವೆಲ್ ಸುತ್ತಿಕೊಂಡಳು. ಮಂಚದ ಕೆಳಗೆ ಮಲಗಿ ನೋಡಿದಳು. ನಾನು ಮಾತ್ರ ಸಂಜೆ ಬಂದು, ಸೈಕಲ್ ಬೆಲ್ ಹೊಡೆದು ಬಾತುಗಳನ್ನು ಕರೆದು, ತೌಡು ಹಾಕಿ, "ಎಷ್ಟು ಸಾಧು ನೋಡಕ್ಕಾ" ಎನ್ನುತ್ತಿದ್ದೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಡ್ಯೂಟಿಗೆ ಹೋಗುತ್ತಿದ್ದಳು.

ಆಗಬಾರದ್ದು ಕೊನೆಗೂ ಆಯಿತು. ಯಾರೋ ದಾವಣಗೆರೆಗೆ ಟ್ರಂಕ್ ಕಾಲ್ ಕೇಳಿ, ಲೈನ್ ಕೊಡುವುದು ತಡವಾಯಿತೆಂದು "ಹಲೋ, ಹಲೋ, ಹಲೋ" ಎಂದು ಒಂದೇ ಸಮನೆ ಕೂಗಿದ್ದಾರೆ. ಬೋರ್ಡಿನ ಮುಂದೆ ತೂಕಡಿಸುತ್ತಿದ್ದ ಅಕ್ಕ, ಹಿತ್ತಿಲಲ್ಲೇ ಇದ್ದೇನೆಂದುಕೊಂಡು, "ಬಾಯಿ ಮುಚ್ಚು! ಇನ್ನೊಂದ್ಸಲ ಕೂಗಿದ್ರೆ ಕತ್ತು ಹಿಚುಕಿ ಸಾರು ಮಾಡಿಬಿಡ್ತೀನಿ!" ಎಂದಿದ್ದಾಳೆ.

ಆ ಕಡೆ ಇದ್ದವರು ಒಬ್ಬ ದೊಡ್ಡ ಅಧಿಕಾರಿ. ಅವರನ್ನು ಸಾರು ಮಾಡುತ್ತೇನೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ!

ಬೆಳಿಗ್ಗೆ ಅಕ್ಕ ಮನೆಗೆ ಬಂದು ಗೋಡೆಗೊರಗಿ ಕುಳಿತಳು. "ಖಾಯಂ ಮಾಡೋದು ನಿಲ್ಲಿಸಿದಾರೆ. ಇನ್ನೊಂದ್ಸಲ ತೂಕಡಿಸಿದ್ರೆ ಮನೆಗೇ ಅಂತೆ" ಎಂದಳು. ಬೈಯಲಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು.

ಅವತ್ತು ಶಾಪಿಗೆ ಹೋಗದೆ ಮನೆಯಲ್ಲೇ ಉಳಿದೆ. ಬಿಸಿಲೇರಿತು. ಬಾತುಗಳ ಸಂಗೀತ ಕಛೇರಿ ಶುರುವಾಯಿತು. ಒಂದು ಎತ್ತಿಕೊಂಡರೆ ಮೂರು ಹಿಡಿದುಕೊಳ್ಳುತ್ತಿದ್ದವು. ನನ್ನ ಆಯ್ಕೆ ಎಂಥದು ಎಂದು ಅಂದು ನನಗೆ ಗೊತ್ತಾಯಿತು!

ಪಕ್ಕದ ಮನೆಯ ರಾಜಮ್ಮನವರು ಕಾಂಪೌಂಡಿನ ಮೇಲಿಂದ ಇಣುಕಿದರು. "ಏನಪ್ಪಾ, ಇವತ್ತು ಮನೇಲಿದೀಯ? ಕೇಳು, ಕೇಳು. ನಾವು ದಿನಾ ಕೇಳ್ತೀವಿ."

ಅಷ್ಟರಲ್ಲಿ ಒಗೆಯುವ ಕಲ್ಲಿನ ಸಂದಿಯಿಂದ ಅದೇ ಕೇರೆ ಹಾವು ನಿಧಾನವಾಗಿ ಹೊರಬಂತು. ನಾಲ್ವರು ವೀರರೂ ಓಡಿಬಂದು ನನ್ನ ಕಾಲಿನ ಹಿಂದೆ ನಿಂತರು. ಆ ಹೊತ್ತಿನಲ್ಲಿ ಮಾತ್ರ ಪೂರ್ಣ ಮೌನ!

ಮಧ್ಯಾಹ್ನವೇ ಅವನ್ನು ಮಂಕರಿಗೆ ತುಂಬಿ ಸಾರಕ್ಕಿ ಕೆರೆಗೆ ಒಯ್ದು ಬಿಟ್ಟೆ. ನೀರು ಕಂಡ ಸಂಭ್ರಮದಲ್ಲಿ ಅವು ತಿರುಗಿಯೂ ನೋಡಲಿಲ್ಲ. ಹಗುರವಾಗಿ ಸೈಕಲ್ ಹತ್ತಿದೆ. ದಾರಿಗೆ ಒಂದು ಎಮ್ಮೆ ಅಡ್ಡ ಬಂತು. ಬೆಲ್ ಹೊಡೆದೆ.

ಎಮ್ಮೆ ಅಲ್ಲಾಡಲಿಲ್ಲ. ಬಾತುಗಳು ಬಂದವು! ದಿನಾ ಆ ಬೆಲ್ಲಿಗೇ ತೌಡು ಹಾಕಿ ಕಲಿಸಿದ ಗುರು ನಾನೇ ತಾನೆ? ಮುಂದೆ ಸೈಕಲ್ ತಳ್ಳಿಕೊಂಡು ನಾನು, ಹಿಂದೆ ಸಾಲಾಗಿ ನಾಲ್ವರು ಶಿಷ್ಯರು. ಜೆ.ಪಿ. ನಗರದ ಜನ ಬಾಗಿಲಿಗೆ ಬಂದು ನಿಂತು ನೋಡಿದರು.

ಮಾರನೆಯ ದಿನ ಹುಳಿಮಾವಿಗೇ ಒಯ್ದೆ. ಬಾತಿನವನು ಕೈಮುಗಿದ. "ಬೇಡಣ್ಣ. ಈ ನಾಲ್ಕು ಹೋದ್ಮೇಲೆ ನಮ್ಮನೇಲೂ ನಿದ್ದೆ ಬರ್ತಿದೆ." ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. ಕಡೆಗೆ ಅವನ ಹೆಂಡತಿ ಮನಸ್ಸು ಕರಗಿ ಮಂಕರಿ ಇಳಿಸಿಕೊಂಡಳು.

ಅಲ್ಲಿಂದ ನೇರವಾಗಿ ಎಕ್ಸ್‌ಚೇಂಜಿಗೆ ಹೋಗಿ ಸೂಪರ್‌ವೈಸರ್ ಮೇಡಂ ಮುಂದೆ ನಿಂತೆ. "ಮೇಡಂ, ತಪ್ಪೆಲ್ಲಾ ನಂದು. ಜೋರಾಗಿ ಕೂಗೋ ಬಾತುಗಳನ್ನ ಹುಡುಕಿ ತಂದೋನು ನಾನು. ನಿದ್ದೆ ಬರಲ್ಲ ಅಂತ ಅಕ್ಕ ಹೇಳಿದ್ರೂ ನಂಬಲಿಲ್ಲ. ದಯವಿಟ್ಟು ಕ್ಷಮಿಸಿ."

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ತಡೆಯಲು ಪಾಪ ತುಂಬಾ ಕಷ್ಟಪಟ್ಟರು. "ಆ ಸಾಹೇಬ್ರಿಗೆ ನಾನು ಹೇಳ್ತೀನಿ. ಸರೋಜ ಒಳ್ಳೆ ಕೆಲಸಗಾರ್ತಿ. ಈ ತಿಂಗಳು ತೂಕಡಿಸದೇ ಇದ್ರೆ ಖಾಯಂಗೆ ನಾನೇ ಬರೀತೀನಿ. ಅದಿರ್ಲಿ, ಈ ಕ್ಷಮೆ ನಂಗ್ಯಾಕಪ್ಪಾ? ನಿಮ್ಮಕ್ಕನ್ನ ಕೇಳಿದ್ಯಾ?"

ಕೇಳಿರಲಿಲ್ಲ. ತಪ್ಪಾಯಿತೆಂದು ರಾಜಮ್ಮನವರಿಗೆ ಹೇಳಿದ್ದೆ, ಬಾತಿನವನಿಗೆ ಹೇಳಿದ್ದೆ, ಈಗ ಮೇಡಂಗೂ ಹೇಳಿದ್ದೆ. ಮನೆಯಲ್ಲಿರುವ ಅಕ್ಕನಿಗೇ ಹೇಳಿರಲಿಲ್ಲ. ಪರರ ಮುಂದೆ ಸರಾಗವಾಗಿ ಬರುವ ಮಾತು ಅಕ್ಕನ ಮುಂದೆ ಬರುತ್ತಲೇ ಇರಲಿಲ್ಲ.

ಇನ್ನು ತಡಮಾಡಬಾರದು, ಧೈರ್ಯ ಆರುವ ಮುಂಚೆ ಹೇಳಿಬಿಡಬೇಕು ಎಂದು ಮನೆಯವರೆಗೂ ಪೆಡಲ್ ತುಳಿದೆ. ಹಿತ್ತಿಲು ನಿಶ್ಶಬ್ದವಾಗಿತ್ತು. ಬಾಗಿಲು ತಳ್ಳಿ ಒಳನುಗ್ಗಿ, ಕಣ್ಣು ಮುಚ್ಚಿಕೊಂಡು, ನಾಲ್ಕು ಮನೆಗೆ ಕೇಳುವಂತೆ ಕೂಗಿಯೇಬಿಟ್ಟೆ:

"ಅಕ್ಕಾ! ತಪ್ಪಾಯ್ತು! ನೀನು ಹೇಳಿದ್ದನ್ನ ನಾನು ನಂಬಬೇಕಿತ್ತು! ಕ್ಷಮಿಸ್ಬಿಡಕ್ಕಾ!"

ಕಣ್ಣು ಬಿಟ್ಟೆ. ಎಷ್ಟೋ ದಿನದ ಮೇಲೆ ಆಗತಾನೇ ನಿದ್ದೆ ಹತ್ತಿದ್ದ ಅಕ್ಕ, ಬೆಚ್ಚಿಬಿದ್ದು ಎದ್ದು ಮಂಚದ ಮೇಲೆ ಕುಳಿತಿದ್ದಳು.

"ಕ್ಷಮಿಸಿದೀನಿ ಕಣೋ" ಎಂದಳು. "ಆದ್ರೆ ಆ ನಾಲ್ಕನ್ನ ಕೊಟ್ಟು ಬರೋವಾಗ ನೀನೂ ಅಲ್ಲೇ ಉಳ್ಕೋಬಾರ್ದಿತ್ತಾ?"

ಹಾಗಾಗಿ ಅಕ್ಕನ ಹತ್ತಿರ ಎರಡನೆಯ ಕ್ಷಮೆಯನ್ನೂ ಅಲ್ಲೇ ಕೇಳಬೇಕಾಯಿತು. ಈ ಸಲ ಪಿಸುಮಾತಿನಲ್ಲಿ: "ತಪ್ಪಾಯ್ತಕ್ಕಾ. ಮಲಕ್ಕೋ."