ಸೊನ್ನೆ ನೋಡುವ ಚಟ

ತಕ್ಕಡಿ ರಿಪೇರಿ ಮಾಡುವವನಿಗೆ ಒಂದು ಚಟವಿತ್ತು. ಯಾವ ತಕ್ಕಡಿಯನ್ನೇ ಕೊಡಿ, ಮೊದಲು ಅದರ ಮೇಲೆ ಏನೂ ಇಡದೆ, ಸೊನ್ನೆ ತೋರಿಸುತ್ತದೋ ಇಲ್ಲವೋ ನೋಡುತ್ತಿದ್ದ. ಏನೂ ಇಲ್ಲದಿರುವಾಗ ಏನೋ ಇದೆ ಎನ್ನುವ ಯಂತ್ರವನ್ನು ನಂಬಬಾರದು ಎಂಬುದು ಅವನ ಇಪ್ಪತ್ತು ವರ್ಷಗಳ ಅನುಭವ. ಜ್ವರ ಬಂದರೆ ಥರ್ಮಾಮೀಟರನ್ನು ಕೂಡ ಮೊದಲು ತಣ್ಣೀರಿಗೆ ಅದ್ದಿ ನೋಡಿಯೇ ಬಾಯಿಗಿಡುವ ಆಸಾಮಿ. ಈ ಚಟ ಅಂಗಡಿಯಲ್ಲೇ ಉಳಿದಿದ್ದರೆ ಅವನ ಮಾನವೂ ಉಳಿಯುತ್ತಿತ್ತು.

ಆದರೆ ಆ ದಿನ ಬೆಳಗ್ಗೆ ಐದೂವರೆಗೆ ಅದು ಬಚ್ಚಲುಮನೆಗೆ ಬಂತು.

ಅವನ ಹೆಂಡತಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಹಿಂದಿನ ಸಂಜೆ ಕೆಲಸ ಮುಗಿಸಿ ಬರುವಾಗ, ಗರ್ಭ ನಿಂತಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳುವ ಕಿಟ್ ತಂದಿದ್ದಳು. ಒಂದು ಪೊಟ್ಟಣದಲ್ಲಿ ಎರಡು. ಮದುವೆಯಾಗಿ ಆರು ವರ್ಷ. ಈ ಹಿಂದೆ ಎರಡು ಸಲ ಆಸೆ ಹುಟ್ಟಿ, ಬೀದಿಗೆಲ್ಲ ಸುದ್ದಿ ಹಬ್ಬಿ, ಆಮೇಲೆ ಏನೂ ಇಲ್ಲವೆಂದಾಗಿತ್ತು. ಎದುರಾದವರೆಲ್ಲ ಅವಳ ಮುಖ ಬಿಟ್ಟು ಹೊಟ್ಟೆ ನೋಡಿ ಮಾತಾಡಿಸುತ್ತಿದ್ದುದನ್ನು ಅವಳು ಮರೆತಿರಲಿಲ್ಲ.

"ಈ ಸಲ ನಮ್ಮಿಬ್ಬರನ್ನ ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು ರೀ. ಅತ್ತೆಗೂ ಅಷ್ಟೇ," ಎಂದಿದ್ದಳು. "ಬೆಳಗ್ಗೆ ಎದ್ದ ಕೂಡಲೇ ನೋಡಿದ್ರೆ ಸರಿಯಾಗಿ ತೋರಿಸುತ್ತಂತೆ. ನಾಳೆ ನೋಡ್ತೀನಿ."

"ನನ್ನ ಬಾಯಿಂದ ಒಂದಕ್ಷರ ಹೊರಗೆ ಹೋಗಲ್ಲ," ಎಂದು ಅವನು ಮಾತು ಕೊಟ್ಟಿದ್ದ.

ಬೆಳಗ್ಗೆ ಅವಳಿಗಿಂತ ಮೊದಲು ಎದ್ದು ಪೊಟ್ಟಣದೊಳಗಿನ ಚೀಟಿ ಓದಿದ. ಒಂದು ಗೆರೆ ಬಂದರೆ ಕಿಟ್ ಸರಿಯಿದೆ, ಗರ್ಭವಿಲ್ಲ. ಎರಡು ಬಂದರೆ ಗರ್ಭ. ಒಂದೂ ಬರದಿದ್ದರೆ ಕಿಟ್ಟೇ ಕೆಟ್ಟಿದೆ. ಐದು ನಿಮಿಷಕ್ಕೆ ನೋಡಬೇಕು, ಹತ್ತು ನಿಮಿಷ ಕಳೆದ ಮೇಲೆ ಮೂಡುವುದನ್ನು ನಂಬಬಾರದು. ಹೇಳಿದಂತೆ ಮಾಡಿದರೆ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ.

ಉಳಿದ ಆ ಒಂದು ಅವನ ತಲೆ ಕೊರೆಯಿತು. ಸೊನ್ನೆ ನೋಡದೆ ಹೆಂಡತಿಯ ಕೈಗೆ ಕೊಡುವುದು ಹೇಗೆ? ಮೂರನೆಯ ಸಲವೂ ಅವಳ ಆಸೆ ಸುಳ್ಳಾದರೆ? ಖಂಡಿತವಾಗಿ ಗರ್ಭ ನಿಂತಿರದವರು ಯಾರಾದರೂ ಒಬ್ಬರ ಮೇಲೆ ಮೊದಲು ನೋಡಬೇಕು. ಅಂಥವರು ಬಚ್ಚಲುಮನೆಯಲ್ಲೇ ನಿಂತಿದ್ದರು.

ಲೋಟದಲ್ಲಿ ಹಿಡಿದ ತನ್ನದೇ ಮೂತ್ರದ ಮೂರು ಹನಿ ಕಿಟ್‌ಗೆ ಬಿಟ್ಟ. ಬಿಟ್ಟಿದ್ದೇ ತಡ, ಫೋನು. ಮಾರುಕಟ್ಟೆಯ ಲಾರಿ ತೂಕದ ಯಂತ್ರ ನಿಂತುಹೋಗಿತ್ತು, ಹನ್ನೆರಡು ಲಾರಿಗಳು ಸಾಲುಗಟ್ಟಿದ್ದವು. ಕಿಟ್ಟನ್ನು ಕಿಟಕಿಯ ಮೇಲಿಟ್ಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿದವನಿಗೆ ಅದರ ನೆನಪೇ ಹಾರಿಹೋಯಿತು.

ಹನ್ನೊಂದು ಗಂಟೆಗೆ ಅಂಗಡಿಯಲ್ಲಿ ರದ್ದಿ ಪೇಪರಿನವನ ತಕ್ಕಡಿ ಬಿಚ್ಚಿಕೊಂಡು ಕೂತಿದ್ದಾಗ ಅವನ ತಾಯಿ ಬಂದಳು. ಹಿಂದೆ ಪಕ್ಕದ ಮನೆಯ ರಿಟೈರಾದ ನರ್ಸಮ್ಮ, ಅವರ ಹಿಂದೆ ಮನೆ ಮಾಲೀಕರು. ತಾಯಿಯ ಕೈಯಲ್ಲಿ ಕರವಸ್ತ್ರ, ಕರವಸ್ತ್ರದಲ್ಲಿ ಕಿಟ್.

"ಹೆತ್ತ ತಾಯಿ ಹತ್ರಾನೂ ಮುಚ್ಚಿಟ್ಟೆಯಲ್ಲೋ," ಎಂದಳು ತಾಯಿ. ಕಣ್ಣು ತುಂಬಿತ್ತು.

"ಎಲ್ಲಿ ಸಿಕ್ತಮ್ಮ ಇದು?"

"ಬಚ್ಚಲಲ್ಲಿ. ಕಿಟಕಿ ಒರೆಸ್ತಿದ್ದೆ."

"ಎರಡು ಗೆರೆ," ಎಂದು ನರ್ಸಮ್ಮ ತೀರ್ಪು ಕೊಟ್ಟರು. "ಮೂವತ್ತು ವರ್ಷ ಹೆರಿಗೆ ವಾರ್ಡಲ್ಲಿದ್ದೋಳು ನಾನು. ಎರಡನೇದು ಸ್ವಲ್ಪ ತೆಳು. ತೆಳುವಾದ್ರೂ ಗೆರೆ ಗೆರೇನೇ."

ಅವನು ಕೈಯಲ್ಲಿದ್ದ ತಿರುಪುಳಿ ಕೆಳಗಿಟ್ಟ. ತನ್ನದಕ್ಕೆ ಎರಡು ಗೆರೆ. ಒಣಗಿದ ಮೇಲೆ ಮೂಡಿದ್ದೇ ಇರಬೇಕು. "ಅದನ್ನ ನಂಬಬೇಡಿ. ಹತ್ತು ನಿಮಿಷ ಆದ್ಮೇಲೆ ನೋಡಿದ್ದು ಲೆಕ್ಕಕ್ಕಿಲ್ಲ," ಎಂದ.

"ಶುಭ ಸುದ್ದಿ ಬಂದ್ರೆ ಬೇಡ ಅನ್ನೋ ಗಂಡಸನ್ನ ಇವತ್ತೇ ನೋಡಿದ್ದು," ಎಂದರು ಮಾಲೀಕರು. ಅವರು ಆಗಲೇ ಮೂರು ಮಹಡಿಗೂ ತಿಳಿಸಿ ಬಂದಿದ್ದರು.

"ನಿಮ್ಮತ್ತೆಗೆ ಫೋನ್ ಮಾಡ್ದೆ, ಮಧ್ಯಾಹ್ನದ ಬಸ್ಸಿಗೆ ಹೊರಡ್ತಾರಂತೆ," ಎಂದಳು ತಾಯಿ. "ಈಗ ಗ್ರಂಥಾಲಯಕ್ಕೆ ಹೋಗಿ ಸೊಸೇನ ಕರ್ಕೊಂಡು ಬರ್ತೀವಿ. ಆ ಪುಸ್ತಕದ ಕಟ್ಟು ಹೊರೋದೆಲ್ಲ ಇನ್ನು ಬೇಡ."

ಓದುಗರ ನಡುವೆ ಈ ಮೂವರು ಕರವಸ್ತ್ರ ಬಿಚ್ಚಿ ನಿಲ್ಲುವುದು, ಆಮೇಲೆ ಅದು ಸುಳ್ಳೆಂದು ತಿಳಿಯುವುದು, ಹೆಂಡತಿ ಮತ್ತೆ ತಲೆ ತಗ್ಗಿಸಿ ಬೀದಿಯಲ್ಲಿ ನಡೆಯುವುದು, ಎಲ್ಲ ಅವನ ಕಣ್ಣ ಮುಂದೆ ಬಂತು. ಇಬ್ಬರಲ್ಲಿ ಒಬ್ಬರ ಮಾನ ಹೋಗಲೇಬೇಕಿದ್ದರೆ ತನ್ನದೇ ಹೋಗಲಿ ಎಂದುಕೊಂಡ.

"ಅದು ನಂದು," ಎಂದ.

"ಏನು ನಿಮ್ಮದು?" ಎಂದರು ನರ್ಸಮ್ಮ.

"ಕಿಟ್ಟಿಗೆ ಹಾಕಿರೋದು. ಸೊನ್ನೆ ಸರಿಯಿದೆಯಾ ನೋಡೋಣ ಅಂತ..."

ರದ್ದಿ ಪೇಪರಿನವನು ಗೋಡೆಯ ಕಡೆ ತಿರುಗಿ ಹೆಗಲು ಕುಲುಕಿಸತೊಡಗಿದ. ತಾಯಿ ಕರವಸ್ತ್ರವನ್ನು ತಟ್ಟನೆ ಮೇಜಿನ ಮೇಲಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನರ್ಸಮ್ಮ ಮಾತ್ರ ನಗಲಿಲ್ಲ.

"ಗಂಡಸರಿಗೆ ಎರಡು ಗೆರೆ ಬಂದ್ರೆ ಹುಡುಗಾಟ ಅಲ್ಲ. ಕೆಲವು ಗೆಡ್ಡೆ ಇದ್ರೂ ಹಾಗೆ ತೋರಿಸುತ್ತೆ. ಏಳಿ, ಡಾಕ್ಟರ ಹತ್ರ ಹೋಗೋಣ."

ಹೆರಿಗೆ ಡಾಕ್ಟರ ಕ್ಲಿನಿಕ್ಕಿನ ಬೆಂಚುಗಳ ಮೇಲೆ ಹೊಟ್ಟೆ ಹೊತ್ತ ಹೆಂಗಸರು ಕೂತಿದ್ದರು. ಚೀಟಿ ಬರೆಯುವವಳು "ಪೇಷೆಂಟ್ ಯಾರು?" ಎಂದಳು. ನರ್ಸಮ್ಮ ಅವನ ಭುಜದ ಮೇಲೆ ಕೈಯಿಟ್ಟು "ಇವರೇ" ಎಂದರು. ಒಬ್ಬ ಗರ್ಭಿಣಿ ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟಳು. ಅವನಿಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು.

ಡಾಕ್ಟರು ಹೊಸ ಕಿಟ್ಟಿನಲ್ಲಿ ಅವನದನ್ನು ನೋಡಿ, ಗಡಿಯಾರ ಹಿಡಿದು ಐದು ನಿಮಿಷ ಕಾದರು. ಒಂದೇ ಗೆರೆ. ತಾಯಿ ಉಸಿರು ಬಿಟ್ಟಳು. ಆಮೇಲೆ ಡಾಕ್ಟರು ಹಳೆಯದನ್ನು ಬೆಳಕಿಗೆ ಹಿಡಿದರು.

"ಒಣಗಿ ಮೂಡೋ ಗೆರೆ ಸಾಮಾನ್ಯವಾಗಿ ಬೂದಿ ಬಣ್ಣ ಇರುತ್ತೆ. ಇದು ಕೆಂಪಗಿದೆ. ನಿಮ್ಮದೇ ತಾನೆ?"

"ನಂದೇ ಡಾಕ್ಟ್ರೇ," ಎಂದ ಅವನು ಗಟ್ಟಿಯಾಗಿ. ಒಂದು ಸಲ ಒಪ್ಪಿಕೊಂಡ ಮೇಲೆ ಏನು ಸಂಕೋಚ?

"ಹಾಗಾದ್ರೆ ಹೊತ್ತು ಮೀರಿದ್ದಕ್ಕೇ ಬಂದಿರೋದು. ನಂಬೋ ಹಾಗಿಲ್ಲ," ಎಂದು ಡಾಕ್ಟರು ಅದನ್ನು ಕಸದ ಡಬ್ಬಿಗೆ ಹಾಕಿದರು.

ಮನೆಗೆ ಬಂದ ತಾಯಿ, ಬೆಳಗ್ಗೆ ತಾನು ಫೋನು ಮಾಡಿ ಸುದ್ದಿ ಹೇಳಿದ್ದವರಿಗೆಲ್ಲ ಮತ್ತೆ ಫೋನು ಮಾಡಿದಳು. "ಸೊಸೇದಲ್ಲವಂತೆ. ನನ್ನ ಮಗನದಂತೆ," ಎಂದು ಒಂಬತ್ತು ಸಲ ಹೇಳಿದಳು. ಅವನು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಹೆಂಡತಿಯ ಮಾನ ಉಳಿಯಿತಲ್ಲ ಎಂಬುದೊಂದೇ ಸಮಾಧಾನ.

ಸಂಜೆ ಹೆಂಡತಿ ಬಂದು ಬಾಗಿಲು ಹಾಕಿಕೊಂಡಳು. "ಮೆಟ್ಟಿಲ ಮೇಲೆ ಎಲ್ಲರೂ ನನ್ನ ನೋಡಿ ನಗ್ತಿದಾರೆ. ಏನಾಯ್ತು? ಬಚ್ಚಲ ಕಿಟಕಿಯಲ್ಲಿ ನಿಮ್ಮ ಶೇವಿಂಗ್ ಡಬ್ಬಿ ಹಿಂದೆ ಇಟ್ಟಿದ್ದ ಕಿಟ್ ಎಲ್ಲಿ?"

ಅವನು ಎದ್ದು ಕೂತ. "ಡಬ್ಬಿ ಹಿಂದಾ? ನಾನು ಇಟ್ಟಿದ್ದು ಮುಂದೆ, ಎದುರಿಗೇ ಕಾಣೋ ಹಾಗೆ."

"ಒಂದೇ ಗೆರೆ ಇತ್ತಲ್ಲ, ಅದಾ? ನೀವೇನೋ ಹಾಳು ಮಾಡಿದೀರಿ ಅಂದ್ಕೊಂಡು ಆಗಲೇ ಕಸಕ್ಕೆ ಹಾಕ್ದೆ. ಇನ್ನೊಂದರಲ್ಲಿ ನಾನು ನೋಡಿದ್ದು. ಐದು ನಿಮಿಷಕ್ಕೆ ಎರಡು ಗೆರೆ ಬಂತು." ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. "ನೀವು ಡಬ್ಬಿ ತೆಗೆದಾಗ ನಿಮ್ಮ ಕಣ್ಣಿಗೇ ಬೀಳಲಿ ಅಂತ ಹಿಂದೆ ಇಟ್ಟು ಹೋದೆ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆರು ವರ್ಷ ಕಾದ ಸಂತೋಷ ಬಂದಿತ್ತು, ಅದನ್ನು ತಾನೇ ಕ್ಲಿನಿಕ್ಕಿನ ಕಸದ ಡಬ್ಬಿಗೆ ಹಾಕಿಸಿ ಬಂದಿದ್ದ. ಬೆಳಗ್ಗೆಯಿಂದ ನಡೆದದ್ದನ್ನು ಅವಳ ಕಾಲಿನ ಬೆರಳು ನೋಡುತ್ತಾ ಹೇಳಿ ಮುಗಿಸಿದ. ಅವಳು ಮುಖ ಮುಚ್ಚಿಕೊಂಡಳು. ತಡೆಯಲಾರದೆ ಅವನು ಹೊರಗೋಡಿದ. ತಾಯಿ, ನರ್ಸಮ್ಮ, ಮಾಲೀಕರು ಮೂವರೂ ನಡುಮನೆಯಲ್ಲೇ ಇದ್ದರು.

"ಅದು ನಂದಲ್ಲ. ಇವಳದೇ. ನಿಜವಾಗಿ ನಿಂತಿದೆ."

ಮೂವರೂ ಅವನನ್ನು ಕನಿಕರದಿಂದ ನೋಡಿದರು.

"ಡಾಕ್ಟರ ಮುಂದೆ ನಂದೇ ಅಂದ್ರಿ," ಎಂದರು ನರ್ಸಮ್ಮ.

"ಮಾನ ಹೋಯ್ತು ಅಂತ ಪಾಪದ ಹುಡುಗಿ ತಲೆಗೆ ಕಟ್ಟೋದಾ?" ಎಂದರು ಮಾಲೀಕರು.

"ಸಾಕು ಸುಮ್ನಿರೋ," ಎಂದಳು ತಾಯಿ. "ಮೂರನೇ ಸಲ ಫೋನ್ ಮಾಡೋಕೆ ನನ್ನ ಕೈಲಾಗಲ್ಲ."

ಹೆಂಡತಿ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ರೀ, ಹೋಗಿ ಇನ್ನೊಂದು ಕಿಟ್ ತನ್ನಿ. ತಂದು ಕೊಡಿ ಅಷ್ಟೇ. ನೀವು ಏನೂ ನೋಡಬೇಡಿ."

ಬೀದಿಯ ತುದಿಯ ಔಷಧಿ ಅಂಗಡಿಯಲ್ಲಿ ಏಳೆಂಟು ಜನ ನಿಂತಿದ್ದರು. ಅವನು ಸರದಿ ಬರುವವರೆಗೆ ಕಾದು, ದನಿ ತಗ್ಗಿಸಿ ಕಿಟ್ ಕೇಳಿದ. ಅಂಗಡಿಯವನು ಅವನ ಮುಖವನ್ನೊಮ್ಮೆ ನೋಡಿ ಪೊಟ್ಟಣ ಕೈಗೆತ್ತಿಕೊಂಡ.

"ನಿಮಗೋ, ಮನೆಯವರಿಗೋ?"

"ಮನೆಯವರಿಗೆ," ಎಂದ ಅವನು. ಹಿಂದೆ ನಿಂತಿದ್ದ ಒಬ್ಬರೂ ನಂಬಲಿಲ್ಲ.